ಸಸಿಗಷ್ಟೇ ಅಲ್ಲ, ಸಸಿ ಬೇರು ಬಿಡೋ ಮೂರು ವರ್ಷಕ್ಕೂ ದುಡ್ಡು ಎತ್ತಿ

ಸಂಪಾದಕರಿಗೆ ನಮಸ್ಕಾರ,

ಬಡಾವಣೆಯ ಶಾಲೆ ಅಂಗಳಾನ ಹಸಿರು ಮಾಡೋಕೆ ಅಂತ ಪೋಷಕರು, ಮೇಷ್ಟ್ರುಗಳು, ಸುತ್ತಮುತ್ತಲ ಮನೆಯವರು ಸೇರಿ ದುಡ್ಡು ಹೊಂದಿಸ್ತಿರೋ ಸುದ್ದಿ ನಿಮ್ಮ ಪತ್ರಿಕೇಲಿ ನೋಡಿ ನಿಜವಾಗ್ಲೂ ಖುಷಿಯಾಯ್ತು. ಜನ ತಾವಾಗೇ ಮುಂದೆ ಬಂದಿದ್ದಾರಲ್ಲ, ಅದೇ ದೊಡ್ಡದು. ಆದ್ರೆ ಅದರಲ್ಲಿದ್ದ ಖರ್ಚಿನ ಪಟ್ಟಿ ಓದ್ತಾ ಓದ್ತಾ ಒಂದು ಚಿಂತೆ ಹತ್ಕೊಳ್ತು, ಅದಕ್ಕೇ ಈ ಪತ್ರ. ಸಸಿಗೆ ಇಷ್ಟು, ಟ್ರೀಗಾರ್ಡಿಗೆ ಇಷ್ಟು, ಬೆಂಚಿಗೆ ಇಷ್ಟು, ದಾನಿಗಳ ಹೆಸರಿನ ಬೋರ್ಡಿಗೆ ಇಷ್ಟು, ಉದ್ಘಾಟನೆ ದಿನಕ್ಕೆ ಇಷ್ಟು ಅಂತ ಎಲ್ಲಾ ಇತ್ತು. ನೆಟ್ಟ ಮಾರನೇ ದಿನದಿಂದ ನೀರು ಹಾಕೋರು ಯಾರು, ಶಾಲೆಗೆ ಉದ್ದ ರಜೆ ಬಿಟ್ಟಾಗ ಗೇಟು ತೆಗೆಯೋರು ಯಾರು, ಅವರಿಗೆ ಕೂಲಿ ಎಲ್ಲಿಂದ ಬರತ್ತೆ, ಪೈಪು ಒಡೆದ್ರೆ ರಿಪೇರಿ ಯಾರ ಲೆಕ್ಕಕ್ಕೆ, ಇದ್ಯಾವುದಕ್ಕೂ ಒಂದು ಸಾಲೂ ಇರ್ಲಿಲ್ಲ. ನನ್ನ ಕೇಳಿದ್ರೆ ಈ ಪ್ರಾಜೆಕ್ಟು ಉಳಿಯೋದು ಬಿಡೋದು ತೀರ್ಮಾನ ಆಗೋದೇ ಅಲ್ಲಿ.

ಇದೆಲ್ಲಾ ಯಾಕೆ ಬೇಕು, ಆ ದುಡ್ಡಲ್ಲಿ ನಾಲ್ಕು ಕಂಪ್ಯೂಟರ್ ತಗೊಳ್ಳಿ ಅನ್ನೋರೂ ಇದ್ದಾರೆ. ಅಂಥವರು ಒಂದು ಸಲ ಮಧ್ಯಾಹ್ನ ಊಟದ ಬೆಲ್ ಹೊಡೆದ ಮೇಲೆ, ಮರ ಇಲ್ಲದ, ಪೂರ್ತಿ ಕಾಂಕ್ರೀಟ್ ಹಾಕಿರೋ ಅಂಗಳದಲ್ಲಿ ಹೋಗಿ ನಿಂತು ನೋಡ್ಬೇಕು. ಮಕ್ಕಳು ಮಧ್ಯದಲ್ಲಿ ಇರೋದೇ ಇಲ್ಲ, ಗೋಡೆ ನೆರಳು ಎಷ್ಟಗಲ ಬಿದ್ದಿದೆಯೋ ಅಷ್ಟಗಲದ ಪಟ್ಟೀಲಿ ಒಬ್ಬರಿಗೊಬ್ಬರು ಒತ್ಕೊಂಡು ಸಾಲಾಗಿ ಕೂತಿರ್ತಾರೆ, ಬಿಸಿಲು ಜರುಗಿದ ಹಾಗೆ ಇಡೀ ಸಾಲೂ ಜರುಗತ್ತೆ. ಗಾಳಿ 35 ಡಿಗ್ರಿ ಇರೋ ದಿನ ಬಿಸಿಲಿಗೆ ಬಿದ್ದಿರೋ ಡಾಂಬರಿನ ಮೈ 60 ಡಿಗ್ರಿ ದಾಟತ್ತೆ, ಮತ್ತೆ ಸಣ್ಣ ಮಕ್ಕಳು ನಮಗಿಂತ ನೆಲಕ್ಕೆ ಹತ್ತಿರ ಇರ್ತಾರೆ, ಆ ಶಾಖ ಸೀದಾ ಅವರ ಮುಖಕ್ಕೇ ಹೊಡೆಯೋದು. ತಗಡಿನ ಶೀಟು ಹಾಕಿದ್ರೆ ನೆರಳು ಸಿಗತ್ತೆ ನಿಜ, ಆದ್ರೆ ಶೀಟು ತಾನೇ ಕಾದು ಕೆಳಗಿರೋರಿಗೆ ಶಾಖ ಬಿಡತ್ತೆ. ಮರ ಹಾಗಲ್ಲ, ಬೇರಿಂದ ಎಳ್ಕೊಂಡ ನೀರನ್ನ ಎಲೆ ಮೂಲಕ ಆವಿ ಮಾಡ್ತಾ ಸುತ್ತಲ ಗಾಳೀನ ತಂಪು ಮಾಡತ್ತೆ.

ಕಲಿಕೆ ಬಗ್ಗೆ ಕೇಳೋರಿಗೂ ಉತ್ತರ ಇದೆ. ಸ್ಪೇನಿನ ಬಾರ್ಸಿಲೋನಾದಲ್ಲಿ 36 ಶಾಲೆಗಳ 2593 ಮಕ್ಕಳನ್ನ ಒಂದು ವರ್ಷ ಗಮನಿಸಿ 2015ರಲ್ಲಿ ಒಂದು ಅಧ್ಯಯನ ಪ್ರಕಟ ಮಾಡಿದ್ರು, ಶಾಲೆಯ ಒಳಗೆ ಸುತ್ತಮುತ್ತ ಹಸಿರು ಜಾಸ್ತಿ ಇದ್ದ ಕಡೆ ಮಕ್ಕಳ ಕೆಲಸದ ಸ್ಮರಣೆ, ಅಂದ್ರೆ ಒಂದು ವಿಷಯ ತಲೇಲಿ ಹಿಡ್ಕೊಂಡು ಅದರ ಮೇಲೆ ಕೆಲಸ ಮಾಡೋ ಶಕ್ತಿ, ಹೆಚ್ಚು ಬೆಳೆದಿತ್ತು, ಗಮನ ತಪ್ಪೋದು ಬೇರೆ ಕಡೆಗಿಂತ ಜಾಸ್ತಿ ಇಳಿದಿತ್ತು. ಅದರಲ್ಲಿ ಒಂದು ಪಾಲು ಕಾರಣ ಗಾಡಿ ಹೊಗೆ ಕಮ್ಮಿ ಇದ್ದಿದ್ದು ಅಂತ್ಲೂ ಅವರೇ ಹೇಳಿದ್ದಾರೆ. ಫಿನ್ಲೆಂಡ್‌ದು ನನಗೆ ಇನ್ನೂ ಇಷ್ಟ. ಶಿಶುವಿಹಾರದ ಜಲ್ಲಿ ಅಂಗಳಕ್ಕೆ ಕಾಡಿನ ನೆಲದ ಮಣ್ಣು, ಹುಲ್ಲಿನ ಹಾಸು, ಗಿಡದ ತೊಟ್ಟಿ ತಂದು ಹಾಕಿ 3ರಿಂದ 5 ವರ್ಷದ ಮಕ್ಕಳನ್ನ ದಿನಾ ಅದರಲ್ಲಿ ಆಡೋಕೆ ಬಿಟ್ರು, ಬರೀ 28 ದಿನಕ್ಕೇ ಅವರ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಾಗಿತ್ತು, ರಕ್ತದಲ್ಲೂ ರೋಗನಿರೋಧಕ ವ್ಯವಸ್ಥೆ ಸಮತೋಲನಕ್ಕೆ ಬರ್ತಿರೋ ಸೂಚನೆ ಸಿಕ್ತು. 2020ರಲ್ಲಿ ಪ್ರಕಟ ಆಗಿದ್ದು ಅದು. ಚಿಕ್ಕ ಗುಂಪು, 75 ಮಕ್ಕಳು, ಹಾಗಾಗಿ ಅದೊಂದನ್ನೇ ಹಿಡ್ಕೊಂಡು ದೊಡ್ಡ ಮಾತು ಆಡ್ಬಾರ್ದು, ಆದ್ರೂ ಮಕ್ಕಳು ಮಣ್ಣಾಡಿದ್ರೆ ಬೈಯೋ ನಾವೆಲ್ಲ ಸ್ವಲ್ಪ ಯೋಚನೆ ಮಾಡೋ ವಿಷಯ.

ಈಗ ದುಡ್ಡಿನ ವಿಷಯಕ್ಕೆ ಬರ್ತೀನಿ.

ಜನ ಅಂದ್ಕೊಂಡಿರೋದು ಈ ಕೆಲಸದಲ್ಲಿ ದೊಡ್ಡ ಖರ್ಚು ಸಸಿ ಅಂತ. ಸಸಿ ಇದರಲ್ಲಿ ತೀರಾ ಅಗ್ಗದ ಸಾಮಾನು, ಎಷ್ಟೋ ಕಡೆ ನರ್ಸರಿಯವರು, ಅರಣ್ಯ ಇಲಾಖೆಯವರು ಬಿಟ್ಟಿಯಾಗೇ ಕೊಡ್ತಾರೆ. ಖರ್ಚಿರೋದು ನೆಲದಲ್ಲಿ. ವರ್ಷಗಟ್ಟಲೆ ಸಾವಿರಾರು ಕಾಲು ತುಳಿದ ಅಂಗಳ, ಕಟ್ಟಡ ಕಟ್ಟಿದಾಗ ಲಾರಿ ಓಡಾಡಿದ ನೆಲ, ಅದರ ಮೇಲೆ ಕಾಂಕ್ರೀಟು, ಅದರ ಕೆಳಗೆ ಇಟ್ಟಿಗೆ ಚೂರು, ಸಿಮೆಂಟ್ ಚೀಲ, ಜಲ್ಲಿ. ನಾನೇ ಒಂದು ಅಂಗಳದಲ್ಲಿ ಗುಂಡಿ ತೆಗೆಯೋರ ಜೊತೆ ಪಿಕಾಸಿ ಹಿಡಿದಿದ್ದೆ, ಮೇಲಿನ ಗೇಣು ಮಣ್ಣು ಹೋದ್ಮೇಲೆ ಪಿಕಾಸಿ ಒಳಕ್ಕೆ ಇಳೀದೇ ಟಣ್ ಅಂತ ವಾಪಸ್ ಪುಟಿಯೋದು, ಕೈ ಮೊಣಕೈವರೆಗೂ ಜುಮ್ ಅನ್ನೋದು. ಹೇಗೋ ಮೊಣಕಾಲುದ್ದ ತೆಗೆದು ಒಂದು ಬಕೆಟ್ ನೀರು ಹುಯ್ದು ನೋಡಿದ್ವಿ. ಸಾಯಂಕಾಲ ಹೋದಾಗ್ಲೂ ನೀರು ಹಾಗೇ ನಿಂತಿತ್ತು, ಮೇಲೆ ಧೂಳಿನ ಕೆನೆ ಕಟ್ಟಿತ್ತು. ಅಂಥ ಗುಂಡೀಲಿ ಗಿಡ ಇಟ್ರೆ ಬೇರು ಗುಂಡಿಯ ಗೋಡೆವರೆಗೆ ಹೋಗಿ, ಮುಂದೆ ದಾರಿ ಕಾಣದೆ ಅಲ್ಲೇ ಸುತ್ತು ಹಾಕತ್ತೆ. ಮಳೇಲಿ ಕೊಳೆಯತ್ತೆ, ಬಿಸಿಲಲ್ಲಿ ಒಣಗತ್ತೆ. ಆಮೇಲೆ ನಾವೆಲ್ಲ ಮಕ್ಕಳು ಕಿತ್ತು ಹಾಕಿದ್ರು, ದನ ತಿಂತು ಅಂತ ಬೇರೆಯವರ ಮೇಲೆ ಹಾಕೋದು.

ಹಾಗಾಗಿ ದುಡ್ಡು ಎತ್ತೋಕೆ ಮುಂಚೆ ಆ ಬಕೆಟ್ ನೀರಿನ ಪರೀಕ್ಷೆ ಅಂಗಳದ ನಾಲ್ಕೈದು ಕಡೆ ಮಾಡಿ. ನೀರು ಇಂಗೋ ಕಡೆ ಮರ ಇಡಿ, ಇಂಗದೇ ಇರೋ ಕಡೆ ಮೊದಲು ನೆಲ ಒಡೆದು, ಅಗಲವಾಗಿ ಸಡಿಲ ಮಾಡಿ, ಗೊಬ್ಬರ ಸೇರಿಸೋ ಖರ್ಚನ್ನ ಪಟ್ಟಿಗೆ ಹಾಕಿ. ಗುಂಡಿ ಆಳಕ್ಕಿಂತ ಅಗಲ ಮುಖ್ಯ, ಯಾಕಂದ್ರೆ ಮರದ ನೀರು ಹೀರೋ ಸಣ್ಣ ಬೇರು ಬಹುಪಾಲು ಮೇಲಿನ ಮಣ್ಣಲ್ಲೇ ಹರಡೋದು. ಹಳೇ ಪೇಂಟ್ ಉದುರಿರೋ ಗೋಡೆ ಪಕ್ಕ, ದೊಡ್ಡ ರಸ್ತೆ ಪಕ್ಕ ತರಕಾರಿ ಪಾತಿ ಮಾಡೋ ಆಸೆ ಇದ್ರೆ ಮಣ್ಣಲ್ಲಿ ಸೀಸ ಅನ್ನೋ ವಿಷದ ಲೋಹ ಇದೆಯಾ ಅಂತ ಲ್ಯಾಬಲ್ಲಿ ಟೆಸ್ಟ್ ಮಾಡ್ಸಿ, ಅದನ್ನೂ ಬಜೆಟ್ಟಲ್ಲಿ ಸೇರಿಸಿ. ಮಕ್ಕಳು ಕೈ ಬಾಯಿಗೆ ಹಾಕೋ ಜಾಗ ಅದು, ಅದರಲ್ಲಿ ಉಳಿತಾಯ ಬೇಡ.

ಆಮೇಲೆ ನೀರು. ಯಾವ ಸಸೀನೇ ಆಗ್ಲಿ ಬೇರು ಸುತ್ತಲ ನೆಲಕ್ಕೆ ಹರಡಿ ತನ್ನ ನೀರು ತಾನೇ ಹುಡುಕ್ಕೊಳ್ಳೋ ಹಾಗಾಗೋಕೆ ಎರಡರಿಂದ ಮೂರು ವರ್ಷ ಬೇಕು. ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ಅವರ ಒತ್ತೊತ್ತಾಗಿ ನೆಡೋ ಪದ್ಧತಿ ಬಗ್ಗೆ ಈಗ ಎಲ್ಲರೂ ಮಾತಾಡ್ತಾರೆ, ಒಂದು ಚದರ ಮೀಟರಿಗೆ ಮೂರ್ನಾಲ್ಕು ಸಸಿ ಹಾಕಿದ್ರೆ ಕಾಡು ತಾನಾಗೇ ಬೆಳೆಯತ್ತೆ ಅಂತ. ಅದರಲ್ಲೂ ಮೊದಲು ಮಣ್ಣು ಸಿದ್ಧ ಮಾಡೋದು, ಆ ನೆಲದ್ದೇ ಜಾತಿಗಳನ್ನ ಹುಡುಕೋದು, ಮೊದಲ ಎರಡು ಮೂರು ವರ್ಷ ಕಳೆ ತೆಗೆದು ನೋಡ್ಕೊಳ್ಳೋದು ಇದ್ದೇ ಇದೆ, ಆಮೇಲೇನೇ ಅದರ ಪಾಡಿಗೆ ಬಿಡೋದು. ಜನ ಆ ಮೊದಲ ಭಾಗ ಬಿಟ್ಟು ಒತ್ತಾಗಿ ನೆಡೋದನ್ನ ಮಾತ್ರ ನೆನಪಿಟ್ಕೊಂಡಿದ್ದಾರೆ. ಶಾಲೆ ವಿಷಯದಲ್ಲಿ ಇನ್ನೊಂದು ಕಷ್ಟ ಏನಂದ್ರೆ ಗಿಡಕ್ಕೆ ನೀರು ಅತೀ ಹೆಚ್ಚು ಬೇಕಾಗೋ ಬೇಸಿಗೇಲೇ ಶಾಲೆಗೆ ರಜೆ. ಮಕ್ಕಳಿಗೆ ಒಂದೊಂದು ಗಿಡ ದತ್ತು ಕೊಟ್ಟಿರ್ತಾರೆ, ಅದು ಒಳ್ಳೇದೇ, ಮಕ್ಕಳು ತುಂಬಾ ಪ್ರೀತಿಯಿಂದ ನೋಡ್ಕೊಳ್ತಾರೆ, ಆದ್ರೆ ರಜೇಲಿ ಮಗು ಬೇರೆ ಊರಿಗೆ ಹೋಗಿರತ್ತೆ, ಗೇಟಿಗೆ ಬೀಗ ಬಿದ್ದಿರತ್ತೆ, ವಾಪಸ್ ಬಂದು ನೋಡಿದ್ರೆ ತನ್ನ ಹೆಸರಿನ ಚೀಟಿ ಕಟ್ಟಿರೋ ಕಡ್ಡಿ ನಿಂತಿರತ್ತೆ. ಆ ಮಗೂಗೆ ಏನು ಉತ್ತರ ಕೊಡೋಣ ಹೇಳಿ. ಸಂಬಳ ತಗೊಂಡು ವಾರಕ್ಕೆ ಇಷ್ಟು ಸಲ ಬಂದು ನೀರು ಹಾಕೋ ಒಬ್ಬ ಮನುಷ್ಯ ಬೇಕು, ಅವರ ಹತ್ರ ಗೇಟಿನ ಕೀಲಿ ಇರ್ಬೇಕು, ಅಂಗಳದಲ್ಲಿ ಕೆಲಸ ಮಾಡೋ ನಲ್ಲಿ ಇರ್ಬೇಕು, ಬುಡಕ್ಕೆ ಒಣ ಎಲೆ ಹೊದಿಕೆ ಹಾಕಿರ್ಬೇಕು. ಮೂರು ವರ್ಷ. ಒಟ್ಟು ಎತ್ತಿದ ದುಡ್ಡಲ್ಲಿ ಕನಿಷ್ಠ ಮೂರನೇ ಒಂದು ಭಾಗ ಇದಕ್ಕೇ ಅಂತ ಬೇರೆ ಖಾತೇಲಿ ಎತ್ತಿಡಿ, ಅದಕ್ಕೆ ಸಾಲದೇ ಹೋದ್ರೆ ಗಿಡದ ಸಂಖ್ಯೆ ಅರ್ಧ ಮಾಡಿ, ಬೇಜಾರೇನಿಲ್ಲ. ಚೆನ್ನಾಗಿ ಬೆಳೆದ ಹತ್ತು ಮರದ ಕೆಳಗೆ ಇಡೀ ಶಾಲೆ ಕೂರಬಹುದು.

ಅಷ್ಟೊಂದು ದುಡ್ಡು ಬಡಾವಣೆಯವರು ಎಲ್ಲಿಂದ ತರ್ತಾರೆ ಅಂತ ಕೇಳಿದ್ರೆ ಅದು ನ್ಯಾಯವಾದ ಪ್ರಶ್ನೆ. ಪೂರ್ತಿ ಅವರೇ ತರ್ಬೇಕಾಗಿಲ್ಲ. ಶಾಲೆ ಅಂಗಳ ಹಸಿರಾದ್ರೆ ಲಾಭ ಶಾಲೆಗೆ ಮಾತ್ರ ಅಲ್ಲ. ಒಂದು ಲೆಕ್ಕ ನೋಡಿ, ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್ ನೀರು. ಸಾವಿರ ಚದರ ಮೀಟರಿನ ಕಾಂಕ್ರೀಟ್ ಅಂಗಳದ ಮೇಲೆ 25 ಮಿಲಿಮೀಟರ್ ಮಳೆ ಸುರಿದ್ರೆ 25 ಸಾವಿರ ಲೀಟರ್, ಹೆಚ್ಚುಕಮ್ಮಿ ಅಷ್ಟೂ ಸೀದಾ ಚರಂಡಿಗೆ, ಅಲ್ಲಿಂದ ರಸ್ತೆಗೆ, ತಗ್ಗಿನ ಮನೆಗಳಿಗೆ. ಅದೇ ಅಂಗಳ ನೀರು ಕುಡಿಯೋ ಹಾಗಿದ್ರೆ ಚರಂಡಿ ನೋಡ್ಕೊಳ್ಳೋ ಇಲಾಖೆಗೆ ಅಷ್ಟು ಭಾರ ಇಳೀತು. ಹಾಗಿದ್ಮೇಲೆ ಆ ಇಲಾಖೆ ಈ ಕೆಲಸಕ್ಕೆ ದುಡ್ಡು ಕೊಡೋದ್ರಲ್ಲಿ ತಪ್ಪೇನಿದೆ?

ನ್ಯೂಯಾರ್ಕಲ್ಲಿ ಇದನ್ನೇ ಮಾಡಿದ್ದು. ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್ ಅನ್ನೋ ಸಂಸ್ಥೆ 1996ರಿಂದ ಅಲ್ಲಿ ಡಾಂಬರಿನ ಶಾಲೆ ಅಂಗಳಗಳನ್ನ ಬದಲಾಯಿಸ್ತಾ ಬಂದಿದೆ, ಈಗ ಆ ಸಂಖ್ಯೆ 200 ದಾಟಿದೆ. ಜೋರು ಮಳೆ ಬಂದಾಗ ಮಳೆನೀರು ಒಳಚರಂಡಿ ಜೊತೆ ಸೇರಿ ಉಕ್ಕೋದು ಆ ಊರಿಗೆ ದೊಡ್ಡ ತಲೆನೋವು, ಹಾಗಾಗಿ ನೀರು ಒಳಚರಂಡಿ ನೋಡ್ಕೊಳ್ಳೋ ನಗರದ ಇಲಾಖೇನೇ ಎಷ್ಟೋ ಅಂಗಳಗಳಿಗೆ ತನ್ನ ದುಡ್ಡು ಹಾಕಿದೆ. ಅಮೆರಿಕದ್ದೇ ಇನ್ನೊಂದು ನಗರ ಫಿಲಡೆಲ್ಫಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು, ಮನೆಗಳಲ್ಲದ ಆಸ್ತಿಗಳಿಗೆ 2010ರಿಂದ ನೀರಿಳಿಯದ ನೆಲ ಎಷ್ಟಿದೆ ಅನ್ನೋ ಲೆಕ್ಕ ಹಿಡಿದು ಮಳೆನೀರಿನ ಶುಲ್ಕ ಹಾಕೋಕೆ ಶುರು ಮಾಡ್ತು, ಕಾಂಕ್ರೀಟ್ ತೆಗೆದು ನೀರು ಇಂಗಿಸಿದ್ರೆ ಶುಲ್ಕದಲ್ಲಿ ರಿಯಾಯಿತಿ. ಅಂದ್ರೆ ನೆಲ ಬಿಚ್ಚೋದೇ ಒಂದು ಉಳಿತಾಯ ಆಗೋಯ್ತು.

ಪ್ಯಾರಿಸ್ಸು ಈ ಕೆಲಸಕ್ಕೆ ಇಳಿದಿದ್ದು ಮುಖ್ಯವಾಗಿ ಬಿಸಿಲಿನ ಕಾಟಕ್ಕೆ. 2017ರಲ್ಲಿ ನಗರದ ಯೋಜನೇಲಿ ಸೇರಿಸಿ, 2018ರಲ್ಲಿ ಮೊದಲ ಮೂರು ಶಾಲೆ ಅಂಗಳಗಳ ಡಾಂಬರು ಕಿತ್ತು ಮಣ್ಣು, ಮರ, ನೀರಿನ ಜಾಗ ಮಾಡಿದ್ರು, ಅದಕ್ಕೆ ಓಯಸಿಸ್ ಅಂತ ಹೆಸರು. ಆಮೇಲೆ ಇನ್ನೂ ಹತ್ತು ಅಂಗಳಕ್ಕೆ ಯುರೋಪಿಯನ್ ಒಕ್ಕೂಟದಿಂದ ಸುಮಾರು 50 ಲಕ್ಷ ಯೂರೋ ಸಿಕ್ತು. ಅದರಲ್ಲಿ ನನಗೆ ಮೆಚ್ಚುಗೆ ಆಗಿದ್ದು, ಹವಾಮಾನ ಸಂಸ್ಥೆಯವರನ್ನ, ವಿಶ್ವವಿದ್ಯಾಲಯದವರನ್ನ ಮೊದಲಿಂದ್ಲೇ ಜೊತೆಗಿಟ್ಕೊಂಡು, ಕೆಲಸ ಆದ್ಮೇಲೆ ಎಷ್ಟು ತಂಪಾಯ್ತು, ಮಕ್ಕಳು ಹೇಗೆ ಬಳಸ್ತಿದ್ದಾರೆ ಅಂತ ಅಳೆಯೋದನ್ನೂ ಪ್ರಾಜೆಕ್ಟಿನ ಭಾಗ ಮಾಡಿದ್ದು. ಬಾರ್ಸಿಲೋನಾದಲ್ಲೂ ಅದೇ ಯುರೋಪಿಯನ್ ನಿಧಿಯಿಂದ 11 ಶಾಲೆಗಳನ್ನ ಬಿಸಿಲಿಂದ ತಪ್ಪಿಸ್ಕೊಳ್ಳೋ ಆಸರೆಗಳಾಗಿ ಮಾಡಿ ಶಾಲೆ ಸಮಯ ಮುಗಿದ ಮೇಲೆ ಸುತ್ತಲ ಜನಕ್ಕೂ ತೆರೆದ್ರು. ಬರ್ಲಿನ್ನಲ್ಲಿ ಶಾಲೆ ಅಂಗಳ ಹಸಿರು ಮಾಡೋರಿಗೆ ಸಲಹೆ ಕೊಡೋಕೇ ಅಂತ ಒಂದು ಸರ್ಕಾರಿ ವ್ಯವಸ್ಥೆ 1983ರಿಂದ ಇದೆ.

ಇದೆಲ್ಲಾ ಶ್ರೀಮಂತ ಊರುಗಳ ಕಥೆ ಅಂತ ತಳ್ಳಿಹಾಕ್ಬೇಡಿ. ಅಲ್ಲಿಂದ ತಗೋಬೇಕಾಗಿರೋದು ದುಡ್ಡಿನ ಮೊತ್ತ ಅಲ್ಲ, ಯಾರ ಬಾಗಿಲು ತಟ್ಟಬೇಕು ಅನ್ನೋದು. ಶಿಕ್ಷಣ ಇಲಾಖೆ ಹತ್ರ ಮಾತ್ರ ಹೋದ್ರೆ ಅವರು ಮೊದಲು ಕ್ಲಾಸ್ ರೂಮು, ಟಾಯ್ಲೆಟ್ಟು ಅಂತಾರೆ, ಅವರ ಮಾತೂ ಸರೀನೇ. ನೀರಿನವರ ಹತ್ರ ಚರಂಡಿ ಲೆಕ್ಕ ತಗೊಂಡು ಹೋಗಿ, ಆರೋಗ್ಯದವರ ಹತ್ರ ಬಿಸಿಲಿನ ಲೆಕ್ಕ ತಗೊಂಡು ಹೋಗಿ, ತೋಟಗಾರಿಕೆಯವರ ಹತ್ರ ಸಸಿ ಕೇಳಿ, ಆಟದ ಮೈದಾನ ಇಲ್ಲದ ಏರಿಯಾ ಆಗಿದ್ರೆ ಸ್ಥಳೀಯ ಆಡಳಿತದವರಿಗೆ ಸಂಜೆ ಹೊತ್ತು, ರಜಾ ದಿನ ಅಂಗಳ ಎಲ್ಲರಿಗೂ ತೆರೀತೀವಿ ಅಂತ ಹೇಳಿ. ಹೊಸ ಪಾರ್ಕಿಗೆ ಜಾಗ ಕೊಳ್ಳೋದಕ್ಕಿಂತ ಇರೋ ಅಂಗಳ ಸರಿ ಮಾಡೋದು ಎಷ್ಟೋ ಪಾಲು ಅಗ್ಗ ಅಂತ ಅವರಿಗೂ ಗೊತ್ತು. ಆದ್ರೆ ತೆರೆಯೋದು ಅಂದ್ರೆ ಬೀಗ ತೆಗೆಯೋ ಹಾಕೋ ಮನುಷ್ಯ, ಲೈಟು, ಕಸ, ಏನಾದ್ರೂ ಪೆಟ್ಟಾದ್ರೆ ಯಾರ ಜವಾಬ್ದಾರಿ ಅನ್ನೋದು, ಇದೆಲ್ಲಾ ಬರವಣಿಗೇಲಿ ಆಗ್ಬೇಕು, ಹೆಡ್‌ಮಾಸ್ಟರ ತಲೆ ಮೇಲೆ ಹೊರಿಸಿ ಬರೋದಲ್ಲ.

ಕಂಪನಿಗಳು, ದೊಡ್ಡ ದಾನಿಗಳ ವಿಷಯ. ಅವರು ಬರ್ಲಿ, ಬರೋದೇ ಒಳ್ಳೇದು. ಆದ್ರೆ ದುಡ್ಡು ಕೊಡೋರಿಗೆ ನೆಡೋ ದಿನ ಇಷ್ಟ, ಫೋಟೋ ಬರತ್ತೆ, ಸಿಬ್ಬಂದಿ ಎಲ್ಲಾ ಒಂದೇ ಬಣ್ಣದ ಟೀಶರ್ಟ್ ಹಾಕ್ಕೊಂಡು ಬರ್ತಾರೆ. ಎರಡನೇ ವರ್ಷದ ನೀರಿನ ಕೂಲಿಗೆ ಕೊಡಿ ಅಂದ್ರೆ ಸುಮ್ನಾಗ್ತಾರೆ. ಇದನ್ನ ಮೊದಲೇ ಮುಖಕ್ಕೆ ಮುಖ ಕೂತು ಮಾತಾಡ್ಬೇಕು, ಒಟ್ಟು ಕೊಡೋದನ್ನ ಮೂರು ಕಂತು ಮಾಡಿ, ಎರಡನೇ ಕಂತು ಮೊದಲ ವರ್ಷ ಬದುಕಿರೋ ಗಿಡ ಎಣಿಸಿದ ಮೇಲೆ ಕೊಡಿ ಅಂತ ನಾವೇ ಹೇಳ್ಬೇಕು. ಲೆಕ್ಕ ಕೊಡೋಕೆ ನಾವು ತಯಾರಿದ್ದೀವಿ ಅಂತ ಗೊತ್ತಾದ್ರೆ ಕೊಡೋರಿಗೂ ಧೈರ್ಯ ಬರತ್ತೆ. ಇನ್ನು ಯಾರಾದ್ರೂ ಪ್ಲಾಸ್ಟಿಕ್ ಹುಲ್ಲು ಹಾಸಿ ಕೊಡ್ತೀವಿ, ನೀರೂ ಬೇಡ, ಕತ್ತರಿಸೋದೂ ಬೇಡ ಅಂತ ಬಂದ್ರೆ ದಯವಿಟ್ಟು ಒಪ್ಕೋಬೇಡಿ. ಕಣ್ಣಿಗೆ ಹಸಿರು ಕಾಣತ್ತೆ ಅಷ್ಟೇ, ಬಿಸಿಲಲ್ಲಿ ಡಾಂಬರಿಗಿಂತ್ಲೂ ಜಾಸ್ತಿ ಕಾಯಬಹುದು, ಸವೆದು ಚೂರು ಚೂರಾಗಿ ಚರಂಡಿ ಸೇರತ್ತೆ, ಕೆಲವೇ ವರ್ಷಕ್ಕೆ ಕಿತ್ತು ಹೊಸದು ಹಾಕೋಕೆ ಮತ್ತೆ ದುಡ್ಡು ಬೇಕು. ಎರೆಹುಳ ಬರಲ್ಲ, ಚಿಟ್ಟೆ ಬರಲ್ಲ, ಮಕ್ಕಳು ಅಗೆಯೋಕೆ ಆಗಲ್ಲ.

ಸಣ್ಣ ದಾನಿಗಳನ್ನ ಮರೀಬೇಡಿ ಅಂತ ಇನ್ನೊಂದು ಕೋರಿಕೆ. ಒಂದೇ ಸಲ ದೊಡ್ಡ ಮೊತ್ತ ಕೇಳಿದ್ರೆ ಎಷ್ಟೋ ಮನೆಯವರಿಗೆ ಕೊಡೋಕೆ ಆಗಲ್ಲ, ಸಂಕೋಚ ಪಟ್ಕೊಂಡು ದೂರ ಉಳೀತಾರೆ. ತಿಂಗಳಿಗೆ ಇಷ್ಟು ಅಂತ ಚಿಕ್ಕದಾಗಿ, ಮೂರು ವರ್ಷಕ್ಕೆ ಕೇಳಿದ್ರೆ ಕೊಡ್ತಾರೆ, ಮತ್ತೆ ನೀರಿನ ಖರ್ಚು ತಿಂಗಳು ತಿಂಗಳು ಬರೋದ್ರಿಂದ ಅದಕ್ಕೆ ಸರಿಯಾಗಿ ಹೊಂದತ್ತೆ. ದುಡ್ಡು ಇಲ್ಲದವರು ಕೈ ಕೆಲಸ ಕೊಡ್ಲಿ, ಅದನ್ನೂ ಲೆಕ್ಕದಲ್ಲಿ ಬರೀರಿ. ಅಮೆರಿಕದ ಪೋರ್ಟ್‌ಲ್ಯಾಂಡಲ್ಲಿ ಡಿಪೇವ್ ಅನ್ನೋ ಗುಂಪು 2008ರಿಂದ ಶಾಲೆಗಳಲ್ಲಿ ಬೇರೆ ಕಡೆಗಳಲ್ಲಿ ಡಾಂಬರು ಕೀಳೋದನ್ನ ಸ್ವಯಂಸೇವಕರಿಂದ್ಲೇ ಮಾಡಿಸ್ತಿದೆ, ಮೊದಲು ಮಷೀನಲ್ಲಿ ಚೌಕ ಚೌಕವಾಗಿ ಕೊಯ್ದಿಟ್ರೆ ಆಮೇಲೆ ಸಾಮಾನ್ಯ ಜನಾನೇ ಸನಿಕೆ ಹಾಕಿ ಮೀಟಿ ಎತ್ತಬಹುದು. ಬಂದ ದುಡ್ಡು ಹೋದ ದುಡ್ಡು ಎರಡೂ ತಿಂಗಳಿಗೊಂದು ಸಲ ಶಾಲೆ ಗೇಟಿನ ಹತ್ರ ಒಂದು ಹಾಳೇಲಿ ಬರೆದು ಅಂಟಿಸಿ. ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ವಲ್ಲ ಅನ್ಬೇಡಿ, ಅದರಲ್ಲಿ ಮೂರು ದಿನಕ್ಕೆ ಗುಡ್ ಮಾರ್ನಿಂಗ್ ಮೆಸೇಜ್ ಕೆಳಗೆ ಹೂತು ಹೋಗತ್ತೆ.

ಇನ್ನು ಅಂಗಳ ಹೇಗಿರ್ಬೇಕು ಅನ್ನೋದನ್ನ ಮಕ್ಕಳನ್ನೇ ಕೇಳಿ. ನ್ಯೂಯಾರ್ಕಲ್ಲಿ, ಪ್ಯಾರಿಸಲ್ಲಿ ಎರಡೂ ಕಡೆ ಮಕ್ಕಳು ನಕ್ಷೆ ಮಾಡೋದ್ರಲ್ಲಿ ಕೂತಿದ್ರು. ನಾವು ಕೇಳ್ದೇ ಮಾಡಿದ್ರೆ ಅಂಗಳದ ಮಧ್ಯ ಪೂರ್ತಿ ಚೆಂಡಾಟಕ್ಕೆ ಬಿಟ್ಟು ಸುತ್ತ ಗಿಡ ಇಡ್ತೀವಿ, ಆಗ ಚೆಂಡು ಆಡೋ ದೊಡ್ಡ ಹುಡುಗರಿಗೆ ಅಂಗಳ, ಹೆಣ್ಮಕ್ಕಳಿಗೆ, ಚಿಕ್ಕೋರಿಗೆ ಅಂಚು. ಒಬ್ಬಳಿಗೆ ಸುಮ್ನೆ ಕೂತು ಓದೋ ಜಾಗ ಬೇಕಿರತ್ತೆ, ಇನ್ನೊಬ್ಬನಿಗೆ ಮಣ್ಣಲ್ಲಿ ಕಾಲುವೆ ತೋಡ್ಬೇಕು, ಇಬ್ಬರು ಮೂವರಿಗೆ ಬಚ್ಚಿಟ್ಕೊಳ್ಳೋ ಪೊದೆ. ಗಾಲಿಕುರ್ಚೀಲಿ ಬರೋ ಮಗು ಆ ಮರದ ಕೆಳಗೆ ಹೋಗೋಕೆ ಗಟ್ಟಿ ದಾರಿ ಇದೆಯಾ ಅಂತ ನಕ್ಷೇಲೇ ನೋಡ್ಬೇಕು, ಆಮೇಲೆ ಸೇರಿಸೋಕೆ ಹೋದ್ರೆ ದುಪ್ಪಟ್ಟು ಖರ್ಚು. ಚೆಂಡಾಟ ಬೇಡ ಅಂತ ಯಾರೂ ಹೇಳ್ತಿಲ್ಲ, ಅದಕ್ಕೂ ಜಾಗ ಇರ್ಲಿ.

ಕೊನೇದಾಗಿ ಪತ್ರಿಕೆಯವರಿಗೇ ಒಂದು ಮನವಿ. ಈ ಪ್ರಾಜೆಕ್ಟಿನ ಮೊದಲ ಸುದ್ದಿ ನೀವೇ ಹಾಕಿದ್ದೀರಿ, ನೆಡೋ ದಿನವೂ ನಿಮ್ಮ ವರದಿಗಾರರು ಹೋಗ್ತಾರೆ ಅಂತ ಗೊತ್ತು. ಅವತ್ತೇ ನೆಟ್ಟ ಗಿಡ ಎಷ್ಟು, ಆರೈಕೆಗೆ ಎತ್ತಿಟ್ಟ ದುಡ್ಡು ಎಷ್ಟು, ನೀರು ಹಾಕೋ ಕೆಲಸ ಯಾರದ್ದು ಅಂತ ಮೂರೂ ಕೇಳಿ ಅಚ್ಚು ಹಾಕಿಸಿ. ಆಮೇಲೆ ಒಂದು ಬೇಸಿಗೆ ರಜೆ ಮುಗಿದ ಮೇಲೆ ಮತ್ತೆ ಹೋಗಿ ಎಣಿಸಿ ಬರೀರಿ, ಎರಡನೇ ಬೇಸಿಗೆ ಆದ್ಮೇಲೂ, ಮೂರನೇದಾದ್ಮೇಲೂ. ದುಡ್ಡು ಎತ್ತುತ್ತಿರೋ ಸಮಿತಿಯವರು ಇದನ್ನ ಓದ್ತಿದ್ರೆ, ಮೂರು ವರ್ಷದ ನೀರಿನ ಖರ್ಚು ಸೇರಿಸಿ ಪಟ್ಟಿ ಇನ್ನೊಂದು ಸಲ ಮಾಡಿ ಹಾಕಿ, ಮೊತ್ತ ಜಾಸ್ತಿ ಆಯ್ತು ಅಂತ ಹೆದರ್ಬೇಡಿ. ತಿಂಗಳ ಕಂತಿನ ಪಟ್ಟೀಲಿ ಮೊದಲ ಹೆಸರು ನಂದು ಬರ್ಕೊಳ್ಳಿ, ರಜಾ ದಿನಗಳಲ್ಲಿ ನೀರು ಹಾಕೋಕೆ ಕೈ ಸಾಲದಿದ್ರೆ ಅದಕ್ಕೂ ಬರ್ತೀನಿ.

ಇಂತಿ,
ನಿಮ್ಮ ಓದುಗ, ಒಬ್ಬ ಪೋಷಕ